ಎಳೆಯುವ ಸ್ನಾಯು, ಬಿಟ್ಟುಕೊಡುವ ಸ್ನಾಯು

ಕೀಲುಗಳ ಚಲನೆಯನ್ನು ಬೋಧಿಸುವಾಗ ಮೊದಲು ಸ್ಪಷ್ಟಪಡಿಸಬೇಕಾದ ಸಂಗತಿ ಒಂದೇ: ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಮೊಸರು ಕಡೆಯುವ ಹಗ್ಗವನ್ನು ನೆನಪಿಗೆ ತಂದುಕೊಳ್ಳಿ. ಬಲಗೈ ಎಳೆದಾಗ ಎಡಗೈ ಬಿಟ್ಟುಕೊಡುತ್ತದೆ. ಆದರೆ ಹಗ್ಗವನ್ನು ಪೂರ್ತಿ ಸಡಿಲಿಸುವುದಿಲ್ಲ, ಸಡಿಲಿಸಿದರೆ ಕಡೆಗೋಲು ಹತೋಟಿ ತಪ್ಪುತ್ತದೆ. ಮೊಣಕೈಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ತೋಳಿನ ಮುಂಭಾಗದ ದ್ವಿಶಿರ ಸ್ನಾಯು ಸಂಕುಚಿಸಿದಾಗ ಕೈ ಮಡಚಿಕೊಳ್ಳುತ್ತದೆ, ಹಿಂಭಾಗದ ತ್ರಿಶಿರ ಸ್ನಾಯು ಸಂಕುಚಿಸಿದಾಗ ನೀಳವಾಗುತ್ತದೆ. (ಮಡಚುವ ಕಾರ್ಯದಲ್ಲಿ ದ್ವಿಶಿರದ ಅಡಿಯಲ್ಲಿರುವ ಮತ್ತೊಂದು ಸ್ನಾಯುವಿನ ಪಾಲೂ ದೊಡ್ಡದು, ಪಾಠ ಮಾಡುವಾಗ ನಾವು ಅದನ್ನು ಮರೆಯುವುದೇ ಹೆಚ್ಚು.)

ಇಲ್ಲಿಯವರೆಗೆ ಎಲ್ಲರೂ ಬೋಧಿಸುತ್ತಾರೆ. ತೊಡಕು ಇರುವುದು ಮುಂದೆ. ತುಂಬಿದ ಬಿಂದಿಗೆಯನ್ನು ಮೆಲ್ಲಗೆ ಇಳಿಸುವಾಗ ಯಾವ ಸ್ನಾಯು ದುಡಿಯುತ್ತದೆ? "ಕೈ ನೀಳವಾಗುತ್ತಿದೆ, ಆದ್ದರಿಂದ ತ್ರಿಶಿರ" ಎಂಬ ಉತ್ತರ ತರಬೇತಿಗಳಲ್ಲಿ ಶಿಕ್ಷಕರಿಂದಲೇ ಬರುತ್ತದೆ. ಅದು ಸರಿಯಲ್ಲ. ಕೈಯನ್ನು ಕೆಳಗೆಳೆಯುವುದು ಭೂಮಿಯ ಗುರುತ್ವ. ದ್ವಿಶಿರವು ಬಿಗಿಯಾಗಿಯೇ ಇದ್ದು, ಇಷ್ಟಿಷ್ಟೇ ನೀಳವಾಗುತ್ತ ಆ ಭಾರವನ್ನು ತಡೆಹಿಡಿಯುತ್ತದೆ. ಮಕ್ಕಳು ಪುಸ್ತಕದ ಚೀಲವನ್ನು ಒಂದು ಕೈಯಲ್ಲಿ ಹಿಡಿದು ಇಳಿಸುತ್ತ, ಇನ್ನೊಂದು ಕೈಯಿಂದ ತೋಳನ್ನು ಮುಟ್ಟಿ ನೋಡಲಿ. ಬಳಿಕ ಅಂಗೈಯಿಂದ ಮೇಜನ್ನು ಕೆಳಕ್ಕೆ ಒತ್ತಲಿ. ಆಗ ತೋಳಿನ ಹಿಂಭಾಗ ಗಟ್ಟಿಯಾಗುತ್ತದೆ.

ದ್ವಿಶಿರವು ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಕೀಲಿನಿಂದ 4–5 ಸೆಂ.ಮೀ. ದೂರದಲ್ಲಿ, ವಯಸ್ಕರ ಅಂಗೈಯಾದರೋ ಸುಮಾರು 35 ಸೆಂ.ಮೀ. ದೂರದಲ್ಲಿದೆ. ಆದಕಾರಣ ಮುಂಗೈಯನ್ನು ಅಡ್ಡಲಾಗಿ ಚಾಚಿ 2 ಕಿ.ಗ್ರಾಂ. ಹಿಡಿದರೆ, ಸ್ನಾಯು ಕಡಿಮೆಯೆಂದರೂ 14 ಕಿ.ಗ್ರಾಂ. ತೂಕಕ್ಕೆ ಸಮನಾದ ಬಲವನ್ನು ಹಾಕಬೇಕು. ಮೂರನೆಯ ವರ್ಗದ ಸನ್ನೆಯ ಪಾಠವನ್ನು ಇಲ್ಲಿಗೇ ಜೋಡಿಸಬಹುದು.

ಇನ್ನು ಪದಗಳ ವಿಷಯ; ಹೊಸೂರು, ಕೃಷ್ಣಗಿರಿ ಕಡೆಯ ನಮಗೆ ಇದು ಸಣ್ಣದಲ್ಲ. ನಾವು ಸ್ನಾಯು ಎನ್ನುವುದು ತಮಿಳಿನಲ್ಲಿ ‘ತಸೈ’, ತೆಲುಗಿನಲ್ಲಿ ‘ಕಂಡರಂ’. ಆದರೆ ಸಂಸ್ಕೃತದ ‘ಕಂಡರಾ’ ಎಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜು. ತೆಲುಗಿನವರು ಆ ರಜ್ಜುವನ್ನೇ ‘ಸ್ನಾಯುವು’ ಎನ್ನುತ್ತಾರೆ. ಅಲ್ಲಿಗೆ ಎರಡು ಪದಗಳೂ ಅದಲುಬದಲು! ಮನೆಮಾತು ತೆಲುಗಾದ ಬಾಲಕಿಯೊಬ್ಬಳು "ಕಂಡರ ಸಂಕುಚಿಸಿ ಮೂಳೆಯನ್ನು ಎಳೆಯುತ್ತದೆ" ಎಂದು ಬರೆದಿದ್ದಳು. ನಾನು ಕೆಂಪು ಗೀಟು ಹಾಕಿ ಸೊನ್ನೆ ಕೊಟ್ಟೆ. ಅವಳಿಗೆ ವಿಷಯ ಸರಿಯಾಗಿಯೇ ತಿಳಿದಿತ್ತೆಂಬುದು ನನಗೆ ಅರಿವಾದದ್ದು ವರ್ಷಗಳ ಬಳಿಕ.

ಪಾಠದ ಮೊದಲ ದಿನವೇ ಮೂರೂ ಭಾಷೆಗಳ ಪದಗಳನ್ನು ಮಕ್ಕಳಿಂದಲೇ ಹೇಳಿಸಿ, ಕಪ್ಪುಹಲಗೆಯ ಮೇಲೆ ಎದುರುಬದುರು ಬರೆಯಿರಿ. ಸ್ನಾಯುವಿನಿಂದ ಮೂಳೆಗೆ ಸ್ನಾಯುರಜ್ಜು, ಮೂಳೆಯಿಂದ ಮೂಳೆಗೆ ಅಸ್ಥಿರಜ್ಜು ಎಂಬುದನ್ನು ಅದರ ಕೆಳಗೆ ಚಿತ್ರಸಹಿತ ತೋರಿಸಿ.