ಬಿಳಿಯ ನಾಗರವೂ ಬಣ್ಣಕ್ಕಾಗಿ ಹಾವು ಸಾಕುವಿಕೆಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಕೃಷ್ಣೆ ಮತ್ತು ಅದರ ಉಪನದಿಗಳ ನೀರುಂಡ ಕಬ್ಬಿನ ಸೀಮೆ. ಕಬ್ಬಿನ ಹೊಲಕ್ಕೆ ಇಲಿ ಬರುವುದು, ಇಲಿಯ ಬೆನ್ನಿಗೆ ಹಾವು ಬರುವುದು. ಆದುದರಿಂದ ಇಲ್ಲಿಯ ಒಕ್ಕಲುಮಗನಿಗೆ ನಾಗರಹಾವು ಅಪರಿಚಿತವಲ್ಲ. ಆದರೆ ಎಂದಾದರೊಮ್ಮೆ ಬಿಳಿಯ ನಾಗರವು ಕಂಡರೆ, ಅದು ದೇವರ ಹಾವೆಂದೋ ಬೇರೊಂದು ಜಾತಿಯೆಂದೋ ಎಣಿಸುವುದುಂಟು. ಈ ಬಣ್ಣದ ಕಾರಣವೇನು, ಇಂಥ ಬಣ್ಣವನ್ನೇ ಪರದೇಶಗಳಲ್ಲಿ ಬುದ್ಧಿಪೂರ್ವಕವಾಗಿ ಬೆಳೆಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಹಾವಿನ ಚರ್ಮದಲ್ಲಿ ಬಣ್ಣದ ಜೀವಕಣಗಳು ಮುಖ್ಯವಾಗಿ ಮೂರು ಬಗೆಯವು: ಕಪ್ಪು-ಕಂದುಗಳನ್ನು ಕೊಡುವವು, ಹಳದಿ-ಕೆಂಪುಗಳನ್ನು ಕೊಡುವವು, ಬೆಳಕನ್ನು ಪ್ರತಿಫಲಿಸಿ ಹೊಳಪನ್ನುಂಟುಮಾಡುವವು. ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವು ಹುಟ್ಟದಿದ್ದರೆ ಹಾವು ಬೆಳ್ಳಗೆ ಅಥವಾ ನಸುಹಳದಿಯಾಗಿಯೂ ಕಣ್ಣು ಕೆಂಪಾಗಿಯೂ ತೋರುವುದು. ಇದನ್ನು ಅವರ್ಣತೆಯೆನ್ನಬಹುದು. ಇದರಿಂದ ಜಾತಿಯೂ ಬದಲಾಗದು, ವಿಷವೂ ತಗ್ಗದು. ಸಾಮಾನ್ಯವಾಗಿ ಇದು ಗುಪ್ತಗುಣ. ತಾಯಿತಂದೆಗಳಿಬ್ಬರಿಂದಲೂ ಬಂದಲ್ಲದೆ ಪ್ರಕಟವಾಗದು. ಈ ಗುಣವನ್ನು ಒಳಗೆ ಹೊತ್ತ, ನೋಡಲು ಸಾಧಾರಣವಾದ ಎರಡು ಹಾವುಗಳು ಕೂಡಿದರೆ ಸರಾಸರಿ ನಾಲ್ಕು ಮರಿಗಳಲ್ಲೊಂದು ಅವರ್ಣವಾಗುವುದು. ಮೆಂಡೆಲನು ಬಟಾಣಿಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ನಡೆಯುವುದು. ಬಯಲಿನಲ್ಲಿ ಇಂಥ ಮರಿಯು ಹದ್ದಿನ ಕಣ್ಣಿಗೆ ಬೇಗನೆ ಬೀಳುವುದು. ಬೆಳೆದು ದೊಡ್ಡದಾಗುವುದು ಅಪೂರ್ವ.

ಬಯಲು ಉಳಿಸದುದನ್ನು ಪಂಜರವು ಉಳಿಸುವುದು. ‘ಬಾಲ್ ಪೈಥಾನ್’ ಎಂಬುದು ಆಫ್ರಿಕೆಯ ವಿಷವಿಲ್ಲದ ಚಿಕ್ಕ ಹೆಬ್ಬಾವು. ಬೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಈ ಹೆಸರು. 1992ರಲ್ಲಿ ಅಮೆರಿಕೆಯ ಬಾಬ್ ಕ್ಲಾರ್ಕ್ ಎಂಬವರು ಇದರ ಅವರ್ಣ ಮರಿಗಳನ್ನು ಪಡೆದರು. ಅವರ್ಣ ಹಾವನ್ನು ಸಾಧಾರಣ ಹಾವಿನೊಡನೆ ಕೂಡಿಸಿದರೆ ಮರಿಗಳೆಲ್ಲ ಸಾಧಾರಣ ಬಣ್ಣದವೇ; ಅವುಗಳನ್ನು ಮತ್ತೆ ಕೂಡಿಸಿದಾಗ ಅಡಗಿದ್ದ ಗುಣವು ಹೊರಬೀಳುವುದು. ಹೀಗೆಯೇ ಹಲವು ಬಣ್ಣಗಳನ್ನು ಬೆಳೆಸಿ ಮಾರುವ ವ್ಯಾಪಾರವು ಹಬ್ಬಿತು. ಆದರೆ ಎಲ್ಲ ಬಣ್ಣವೂ ನಿರಪಾಯವಲ್ಲ. ‘ಸ್ಪೈಡರ್’ ಎಂಬ ಬಗೆಯ ಹಾವುಗಳಲ್ಲಿ ಚೆಲುವಾದ ಜಾಲದ ಜೊತೆಗೆ ತಲೆಯ ನಡುಕವೂ ವಂಶಾನುಗತವಾಗಿ ಬರುವುದು; ಸಮತೋಲ ತಪ್ಪುವುದು. ಇಲ್ಲಿ ಚೆಲುವು ನೋಡುವವನದು, ಬಾಧೆ ಹಾವಿನದು.

ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಬಾಲ್ ಪೈಥಾನಿನಂಥ ಪರದೇಶದ ಹಾವನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ನೋಂದಣಿ ಮಾಡಿಸತಕ್ಕದ್ದು. ಆದುದರಿಂದ ಬಿಳಿಯ ನಾಗರವು ಕಂಡಲ್ಲಿ ಕೋಲೆತ್ತುವುದೂ ಸಲ್ಲದು, ಬುಟ್ಟಿ ತರುವುದೂ ಸಲ್ಲದು. ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸುವುದೇ ಯುಕ್ತ. ಶ್ವೇತನಾಗದ ವರ್ಣನೆಯನ್ನು ಪಾಠ ಹೇಳುವ ಉಪಾಧ್ಯಾಯರು ಇಷ್ಟನ್ನು ಸೇರಿಸಿ ಹೇಳಿದರೆ ಕಾವ್ಯಕ್ಕೆ ಕುಂದಿಲ್ಲ. ಒಂದು ಜೀವಕ್ಕೂ ಒಬ್ಬ ಹುಡುಗನಿಗೂ ರಕ್ಷಣೆಯಾದೀತು.