ತ್ರೀ ನಾಟ್ ತ್ರೀ ಸ್ಪರ್ಧೆಯ ರೈಫಲ್ ಆದ ಬಗೆ

ಭಾರತದ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಾಣಿಸಿಕೊಂಡು, ಜನರ ಬಾಯಲ್ಲಿ ‘ತ್ರೀ ನಾಟ್ ತ್ರೀ’ ಎಂದೇ ಹೆಸರಾದ ಲೀ-ಎನ್‌ಫೀಲ್ಡ್ ರೈಫಲ್ ಮೂಲತಃ ಯುದ್ಧಕ್ಕೆಂದು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾದ ಆಯುಧ. ಕೆಸರು, ಮಳೆ, ಒರಟು ಬಳಕೆಗಳನ್ನು ತಾಳಿಕೊಂಡು ಕೈಕೊಡದೆ ಕೆಲಸ ಮಾಡಬೇಕೆಂಬುದೇ ಅದರ ವಿನ್ಯಾಸದ ಮುಖ್ಯ ಉದ್ದೇಶವಾಗಿತ್ತೇ ಹೊರತು, ಸಾವಿರ ಗಜ ದೂರದ ಗುರಿಹಲಗೆಯ ಮೇಲೆ ಗುಂಡುಗಳನ್ನು ಒತ್ತೊತ್ತಾಗಿ ಕೂರಿಸುವುದಲ್ಲ. ಹೀಗಿದ್ದರೂ, 1950ರ ದಶಕದಲ್ಲಿ ಬ್ರಿಟಿಷ್ ಸೇನೆ ತಾನಾಗಿಯೇ ತೋಟಾ ತುಂಬಿಕೊಳ್ಳುವ ರೈಫಲ್‌ಗಳನ್ನು ಅಳವಡಿಸಿಕೊಂಡು, ಹಳೆಯ ಲೀ-ಎನ್‌ಫೀಲ್ಡ್‌ಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದಾಗ, ಇಂಗ್ಲೆಂಡಿನ ಬಂದೂಕು ಕುಶಲಕರ್ಮಿಗಳು ಅವುಗಳಿಂದಲೇ ಅತ್ಯುತ್ತಮ ಸ್ಪರ್ಧಾ ರೈಫಲ್‌ಗಳನ್ನು ರೂಪಿಸಿದರು. ನಿಖರತೆ ಬೆಲೆಯಿಂದ ಬರುವುದಿಲ್ಲ, ಭಾಗಭಾಗಗಳ ಹೊಂದಾಣಿಕೆಯಿಂದ ಬರುತ್ತದೆ ಎಂಬುದಕ್ಕೆ ಈ ಕೆಲಸಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಈ ಕೌಶಲ ಬೆಳೆದದ್ದು ಲಂಡನ್ನಿನ ನೈಋತ್ಯಕ್ಕಿರುವ ಬಿಸ್ಲಿ ಎಂಬ ಊರಿನ ಶೂಟಿಂಗ್ ಮೈದಾನದಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಸ್ಥೆ ತನ್ನ ವಾರ್ಷಿಕ ಸ್ಪರ್ಧೆಗಳನ್ನು 1890ರಲ್ಲಿ ವಿಂಬಲ್ಡನ್‌ನಿಂದ ಅಲ್ಲಿಗೆ ಸ್ಥಳಾಂತರಿಸಿತು. ಅವುಗಳಲ್ಲಿ ಅತ್ಯಂತ ಪ್ರತಿಷ್ಠಿತವಾದದ್ದು, ಸಿಂಹಾಸನದಲ್ಲಿ ಯಾರಿದ್ದಾರೆಂಬುದಕ್ಕೆ ತಕ್ಕಂತೆ ರಾಜನ ಅಥವಾ ರಾಣಿಯ ಹೆಸರಿನಲ್ಲಿ ನಡೆಯುವ ಬಹುಮಾನದ ಸ್ಪರ್ಧೆ. ಅದರ ಅಂತಿಮ ಸುತ್ತು ಇಂದಿಗೂ 900 ಮತ್ತು 1,000 ಗಜಗಳ ದೂರದಲ್ಲಿ ನಡೆಯುತ್ತದೆ. ಬಹುಕಾಲ ಅಲ್ಲಿ ಸೇನಾ ಮಾದರಿಯ ರೈಫಲ್‌ನಿಂದಲೇ ಸ್ಪರ್ಧಿಸಬೇಕಿದ್ದುದರಿಂದ, ನಿಯಮದ ಚೌಕಟ್ಟಿನೊಳಗೆ ಅದೇ ರೈಫಲ್ಲನ್ನು ಎಷ್ಟರಮಟ್ಟಿಗೆ ತಿದ್ದಬಹುದೆಂಬುದು ಒಂದು ಶಾಸ್ತ್ರವಾಗಿಯೇ ಬೆಳೆಯಿತು. ಈ ಶಾಸ್ತ್ರದಲ್ಲಿ ಫುಲ್ಟನ್ ಮನೆತನದ ಹೆಸರು ದೊಡ್ಡದು: ಜಾರ್ಜ್ ಫುಲ್ಟನ್ 1888ರಲ್ಲಿ, ಅವರ ಮಗ ಆರ್ಥರ್ 1912, 1926 ಮತ್ತು 1931ರಲ್ಲಿ, ಮೊಮ್ಮಗ ರಾಬಿನ್ 1958ರಲ್ಲಿ ಈ ಬಹುಮಾನವನ್ನು ಗೆದ್ದರು. ಬಿಸ್ಲಿಯ ಅವರ ಕಾರ್ಯಾಗಾರದಲ್ಲಿ ತಿದ್ದಿದ ರೈಫಲ್‌ಗಳ ಮರದ ಮೇಲೆ, ಅವು ಫುಲ್ಟನ್ನರ ಕೈಯಲ್ಲಿ ಹದಗೊಂಡವು ಎಂದು ಸಾರುವ ಮುದ್ರೆ ಒತ್ತಿರುತ್ತಿತ್ತು.

ರೈಫಲ್‌ನ ವಿಷಯದಲ್ಲಿ ನಿಖರತೆಯೆಂದರೆ ಗುಂಡು ಗುರಿಯ ನಡುವಿಗೆ ಬೀಳುವುದಲ್ಲ, ಪ್ರತಿಸಲವೂ ಒಂದೇ ಜಾಗಕ್ಕೆ ಬೀಳುವುದು. ಆ ಜಾಗವನ್ನು ನಡುವಿಗೆ ತರುವುದು ಸೈಟ್‌ನ, ಎಂದರೆ ಗುರಿ ಹಿಡಿಯುವ ಸಾಧನದ ಕೆಲಸ. ಗುಂಡುಗಳ ಚದುರುವಿಕೆಯನ್ನು ಅಳೆಯಲು ‘ಮಿನಿಟ್’ ಎಂಬ ಕೋನಮಾನವನ್ನು ಬಳಸುತ್ತಾರೆ. ಅದು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವಾಗಿದ್ದು, 100 ಗಜ ದೂರದಲ್ಲಿ ಸುಮಾರು 2.7 ಸೆಂಟಿಮೀಟರ್, 1,000 ಗಜ ದೂರದಲ್ಲಿ ಸುಮಾರು 27 ಸೆಂಟಿಮೀಟರ್ ಅಗಲಕ್ಕೆ ಸಮವಾಗುತ್ತದೆ. ಹತ್ತಿರದಲ್ಲಿ ಕಣ್ಣಿಗೆ ಬೀಳದ ದೋಷ ದೂರದಲ್ಲಿ ಪಂದ್ಯವನ್ನೇ ಕಳೆಯುವುದು ಹೀಗೆ.

ಬಳಸಿದ ರೈಫಲ್ಲನ್ನು ಕೊಳ್ಳುವವರು ಮೊದಲು ಪರೀಕ್ಷಿಸುವುದು ನಳಿಗೆಯನ್ನು. ಕಾರ್ಡೈಟ್ ಎಂಬ ಹಳೆಯ ಮದ್ದು ಬಹಳ ಬಿಸಿಯಾಗಿ ಉರಿಯುತ್ತಿದ್ದುದರಿಂದ, ತೋಟಾ ಕೂರುವ ಕೋಣೆಯ ಮುಂದಿನ ಭಾಗದ ಉಕ್ಕು ಬೇಗ ಸವೆಯುತ್ತಿತ್ತು. ತೋಟಾದ ಕಿಡಿಮದ್ದು ಬಿಡುವ ಉಪ್ಪಿನಂಥ ಶೇಷವನ್ನು ತೊಳೆಯದೆ ಬಿಟ್ಟರೆ ಒಳಗೋಡೆಗೆ ತುಕ್ಕು ಹಿಡಿದು ಗುಳಿಗಳು ಬೀಳುತ್ತಿದ್ದವು. ಇವೆರಡಕ್ಕಿಂತಲೂ ಮೋಸಗೊಳಿಸುವ ದೋಷವೆಂದರೆ ಬಾಯಿಯ ಸವೆತ. ಸಿಪಾಯಿಗಳು ನಳಿಗೆಯನ್ನು ಶುಚಿ ಮಾಡಲು ಬಟ್ಟೆ ಕಟ್ಟಿದ ಹುರಿಯನ್ನು ಹಿಂದಿನಿಂದ ತೂರಿಸಿ ಬಾಯಿಯ ಕಡೆಯಿಂದ ಎಳೆಯುತ್ತಿದ್ದರು. ಹುರಿ ಓರೆಯಾಗಿ ಉಜ್ಜಿದಾಗಲೆಲ್ಲ ಬಾಯಂಚು ಒಂದು ಪಕ್ಕದಲ್ಲಿ ಕೊಂಚಕೊಂಚವೇ ತೇಯುತ್ತಿತ್ತು. ಗುಂಡು ಹೊರಬೀಳುವ ಕ್ಷಣದಲ್ಲಿ ಅದರ ಹಿಂದಿನ ಅನಿಲ ಸುತ್ತಲೂ ಸಮನಾಗಿ ಹೊರಚಿಮ್ಮಬೇಕು. ಅಂಚು ಒಂದು ಕಡೆ ಸವೆದಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ಪಕ್ಕಕ್ಕೆ ತಳ್ಳುತ್ತದೆ. ಅನುಭವಿಗಳು ಒಂದು ಗುಂಡಿನ ಮೂತಿಯನ್ನು ನಳಿಗೆಯ ಬಾಯಿಗೆ ಇಟ್ಟು ಅದು ಎಷ್ಟು ಆಳಕ್ಕೆ ಇಳಿಯುತ್ತದೆಂದು ನೋಡಿಯೇ ಸವೆತವನ್ನು ಅಂದಾಜು ಮಾಡುತ್ತಾರೆ. ಬಾಯಿಯನ್ನು ಲೇತ್ ಯಂತ್ರದಲ್ಲಿ ಹೊಸದಾಗಿ ಕಡೆದು ಸರಿಪಡಿಸಬಹುದು. ಒಳಗೋಡೆಯೇ ಹಾಳಾಗಿದ್ದರೆ ಹೊಸ ನಳಿಗೆ ಹಾಕಿಸದೆ ಗತ್ಯಂತರವಿಲ್ಲ, ಹಣ ಖರ್ಚು ಮಾಡಲು ಯೋಗ್ಯವಾದ ಜಾಗವೂ ಅದೇ.

ಮುಂದಿನದು ತೋಟಾದ ಹಿಂಬದಿಗೂ, ಅದನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್‌ನ ಮುಖಕ್ಕೂ ನಡುವಿನ ಸಂದು. ಇದು ಅತಿಯಾದರೆ ತೋಟಾದ ಹಿತ್ತಾಳೆಯ ಕವಚ ಹಿಗ್ಗಿ ಸೀಳುವ ಅಪಾಯವಿರುತ್ತದೆ. 1939ರ ನಂತರ ಬಂದ ನಂಬರ್ 4 ಮಾದರಿಯಲ್ಲಿ ಇದಕ್ಕೆ ಜಾಣತನದ ಪರಿಹಾರವಿದೆ: ಬೋಲ್ಟ್‌ನ ತಲೆ ತಿರುಪಿನಿಂದ ಕೂರುವ ಬೇರೆ ತುಂಡಾಗಿದ್ದು, 0ಯಿಂದ 3ರವರೆಗಿನ ಅಂಕಿ ಹೊತ್ತ ನಾಲ್ಕು ಅಳತೆಗಳಲ್ಲಿ ದೊರೆಯುತ್ತಿದ್ದುದರಿಂದ, ಸಂದು ಹೆಚ್ಚಾದಾಗ ಮುಂದಿನ ಅಂಕಿಯ ತಲೆಯನ್ನು ಹಾಕಿದರೆ ಸಾಕಾಗುತ್ತಿತ್ತು.

ಕುಶಲಕರ್ಮಿಯ ನಿಜವಾದ ಪರೀಕ್ಷೆ ಇರುವುದು ಮರದಲ್ಲಿ. ಲೋಹದ ಭಾಗ ಮರದೊಳಗೆ ಕೂರುವ ರೀತಿಯನ್ನು ಬೆಡ್ಡಿಂಗ್ ಎನ್ನುತ್ತಾರೆ. ಗುಂಡು ನಳಿಗೆಯೊಳಗೆ ಸಾಗುವುದು ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರವಾದರೂ, ಆ ಅವಧಿಯಲ್ಲಿ ನಳಿಗೆ ಕಂಪಿಸುತ್ತದೆ. ಕಂಪನ ಪ್ರತಿಸಲವೂ ಒಂದೇ ಬಗೆಯದಾಗಿದ್ದರೆ ಗುಂಡುಗಳು ಒಂದೇ ಕಡೆ ಹೋಗುತ್ತವೆ, ಮರ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತಾಗಿದರೆ ಚದುರುತ್ತವೆ. ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವಂತೆಯೇ ರೈಫಲ್‌ನ ಮರವೂ ತೇವಕ್ಕೆ ಉಬ್ಬಿ, ಬಿಸಿಲಿಗೆ ಕುಗ್ಗಿ ನಳಿಗೆಯನ್ನು ಅತ್ತಿತ್ತ ಒತ್ತುತ್ತದೆ. ಇದನ್ನು ಪತ್ತೆ ಹಚ್ಚುವ ವಿಧಾನ ಸರಳವಾದರೂ ಅಪಾರ ತಾಳ್ಮೆ ಬೇಡುತ್ತದೆ: ಲೋಹಕ್ಕೆ ತೆಳುವಾಗಿ ನೀಲಿ ಬಣ್ಣ ಸವರಿ, ಅದನ್ನು ಮರದಲ್ಲಿ ಕೂರಿಸಿ ತಿರುಪು ಬಿಗಿದು, ಮತ್ತೆ ಬಿಚ್ಚಿ, ಬಣ್ಣ ಅಂಟಿದ ಜಾಗವನ್ನಷ್ಟೇ ಉಳಿಯಿಂದ ಕೆರೆದು, ಪುನಃ ಕೂರಿಸಿ ನೋಡಬೇಕು. ಮುಖ್ಯವಾಗಿ, ಸಿಡಿತದ ಹಿನ್ನೂಕನ್ನು ಹೊರುವ ಎರಡು ಮೂಲೆಗಳು ಎಡಬಲದಲ್ಲಿ ಸಮನಾಗಿ ತಾಗಬೇಕು. ಒಂದು ಮೂಲೆ ಕೂದಲೆಳೆಯಷ್ಟು ಹಿಂದಿದ್ದರೂ ಪ್ರತಿ ಹೊಡೆತಕ್ಕೂ ರೈಫಲ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಸೇನೆಯ ಪದ್ಧತಿಯಲ್ಲಿ ಮರವು ನಳಿಗೆಯ ತುದಿಯನ್ನು ಕೆಳಗಿನಿಂದ ಸುಮಾರು ಒಂದರಿಂದ ಮೂರು ಕಿಲೋಗ್ರಾಂ ಬಲದಲ್ಲಿ ಒತ್ತಿ ಹಿಡಿದಿರುತ್ತಿತ್ತು. ಸ್ಪರ್ಧೆಗಾಗಿ ತಿದ್ದುವವರು ಈ ಆಸರೆಯನ್ನು ನಳಿಗೆಯ ನಡುಭಾಗಕ್ಕೆ ಸರಿಸುವುದೂ ಉಂಟು, ದಪ್ಪ ನಳಿಗೆ ಹಾಕಿದಾಗ ಮರದ ಸೋಂಕೇ ಇಲ್ಲದಂತೆ ಪೂರ್ತಿ ಬಿಡಿಸುವುದೂ ಉಂಟು.

ಟ್ರಿಗರ್‌ನ ಕಥೆಯೂ ಮರಕ್ಕೇ ಅಂಟಿಕೊಂಡಿದೆ. ನಂಬರ್ 4ರ ಮೊದಲ ಆವೃತ್ತಿಯಲ್ಲಿ ಟ್ರಿಗರ್ ಅದರ ಕಾಪುಬಳೆಗೆ ತೂಗಿಕೊಂಡಿದ್ದುದರಿಂದ, ಮರ ಉಬ್ಬಿದರೆ ಎಳೆತದ ಹದವೇ ಬದಲಾಗುತ್ತಿತ್ತು. 1949ರ ಸುಮಾರಿಗೆ ಬಂದ ಮಾರ್ಕ್ 2 ಆವೃತ್ತಿಯಲ್ಲಿ ಅದನ್ನು ನೇರವಾಗಿ ಉಕ್ಕಿನ ಒಡಲಿಗೇ ಜೋಡಿಸಲಾಯಿತು. ಹಳೆಯ ರೈಫಲ್ ಆರಿಸುವ ಸ್ಪರ್ಧಿಗೆ ಇದು ತಿಳಿದಿರಲೇಬೇಕಾದ ವ್ಯತ್ಯಾಸ. ಸೈಟ್‌ನದು ಇಷ್ಟು ತೊಡಕಿನ ಮಾತಲ್ಲ: ಸೇನೆಯ ಸೈಟ್ ತೆಗೆದು, ಸಣ್ಣ ರಂಧ್ರದ ಮೂಲಕ ನೋಡುವ, ಕಾಲು ಮಿನಿಟ್‌ನಷ್ಟು ಸೂಕ್ಷ್ಮವಾಗಿ ಸರಿಸಬಲ್ಲ ಸೈಟ್ ಹಾಕಿದರಾಯಿತು. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಸಂಸ್ಥೆ ಇಂಥವನ್ನು ಹೇರಳವಾಗಿ ತಯಾರಿಸಿತು.

ಲೀ-ಎನ್‌ಫೀಲ್ಡ್‌ನ ಒಂದು ಗುಣ ಮಾತ್ರ ತಜ್ಞರನ್ನೂ ಬೆರಗುಗೊಳಿಸಿದೆ. ಮೌಸರ್‌ನಂಥ ರೈಫಲ್‌ಗಳಲ್ಲಿ ಬೋಲ್ಟ್‌ನ ಬೀಗ ಮುಂಭಾಗದಲ್ಲಿ, ತೋಟಾದ ಪಕ್ಕದಲ್ಲೇ ಇದ್ದರೆ, ಇದರಲ್ಲಿ ಹಿಂಭಾಗದಲ್ಲಿದೆ. ಹೀಗಾಗಿ ಸಿಡಿತದ ಹೊತ್ತಿಗೆ ಬೋಲ್ಟ್ ಕುಗ್ಗುತ್ತದೆ, ಉಕ್ಕಿನ ಒಡಲು ಬಾಗುತ್ತದೆ, ನಳಿಗೆ ಮೇಲಕ್ಕೂ ಕೆಳಕ್ಕೂ ಜೋರಾಗಿ ಆಡುತ್ತದೆ. ಇದು ದೋಷವೆಂದೇ ಯಾರಿಗಾದರೂ ತೋರಬೇಕು. ಆದರೆ ನಳಿಗೆಯ ಬಾಯಿ ಮೇಲಕ್ಕೇಳುತ್ತಿರುವ ಕ್ಷಣದಲ್ಲಿ ಗುಂಡು ಹೊರಬಿದ್ದರೆ, ವೇಗ ಕಡಿಮೆಯಿರುವ ಗುಂಡು ಕೊಂಚ ತಡವಾಗಿ, ಆ ಕಾರಣಕ್ಕೇ ಕೊಂಚ ಹೆಚ್ಚಿನ ಏರುಕೋನದಲ್ಲಿ ಹೊರಡುತ್ತದೆ. ನಿಧಾನದ ಗುಂಡು ದೂರದಲ್ಲಿ ಹೆಚ್ಚು ಕೆಳಗಿಳಿಯುವುದರಿಂದ, ಈ ಹೆಚ್ಚುವರಿ ಕೋನ ಆ ಇಳಿತವನ್ನು ತುಂಬಿಕೊಡುತ್ತದೆ. ಹತ್ತಿರದ ಗುರಿಯಲ್ಲಿ ಸಾಧಾರಣವೆನಿಸುವ ಈ ರೈಫಲ್ 900, 1,000 ಗಜಗಳಲ್ಲಿ ನಿರೀಕ್ಷೆಗಿಂತ ಚೆನ್ನಾಗಿ ಹೊಡೆಯುತ್ತಿದ್ದುದಕ್ಕೆ ಇದೇ ಕಾರಣ. ಸ್ಪರ್ಧಿಗಳೆಲ್ಲರಿಗೂ ಮೈದಾನದಲ್ಲೇ ಒಂದೇ ಬಗೆಯ ತೋಟಾ ಹಂಚುತ್ತಿದ್ದ ಬಿಸ್ಲಿಯಲ್ಲಿ, ತೋಟಾಗಳ ವೇಗದ ಏರುಪೇರನ್ನು ರೈಫಲ್ಲೇ ಸರಿದೂಗಿಸುವುದು ಸಣ್ಣ ಲಾಭವಾಗಿರಲಿಲ್ಲ.

1960ರ ದಶಕದಲ್ಲಿ .303 ತೋಟಾದ ಬದಲಿಗೆ 7.62 ಮಿಲಿಮೀಟರ್ ತೋಟಾ ಬಳಕೆಗೆ ಬಂದಾಗ ಹಳೆಯ ಒಡಲಿಗೆ ದಪ್ಪ ನಳಿಗೆ ಹಾಕುವ ಕಾಲ ಬಂತು. ಸ್ವತಃ ಬ್ರಿಟಿಷ್ ಸೇನೆಯೇ ತನ್ನ ಹಳೆಯ ನಂಬರ್ 4 ರೈಫಲ್‌ಗಳಿಂದ ಎಲ್42ಎ1 ಎಂಬ ಸ್ನೈಪರ್ ರೈಫಲ್ಲನ್ನೂ, ಎಲ್39ಎ1 ಎಂಬ ಸ್ಪರ್ಧಾ ರೈಫಲ್ಲನ್ನೂ ಮಾಡಿಸಿಕೊಂಡಿತು. ಹೊಸ ತೋಟಾದ ಒತ್ತಡ ಹೆಚ್ಚಿನದಾದ್ದರಿಂದ, ಹೀಗೆ ಮಾರ್ಪಡಿಸಿದ ರೈಫಲ್ಲನ್ನು ಬ್ರಿಟನ್ನಿನಲ್ಲಿ ಮಾರುವ ಮೊದಲು ಪ್ರೂಫ್ ಹೌಸ್ ಎಂಬ ಅಧಿಕೃತ ಪರೀಕ್ಷಾಲಯದಲ್ಲಿ ಅಧಿಕ ಒತ್ತಡದ ತೋಟಾ ಹಾರಿಸಿ ಮುದ್ರೆ ಹಾಕಿಸುವುದು ಕಾನೂನಿನ ಕಡ್ಡಾಯ. ಭಾರತದಲ್ಲಿ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆ ಇದೇ ದಶಕದಲ್ಲಿ, ಹಳೆಯ ರೈಫಲ್‌ಗಳನ್ನು ಮಾರ್ಪಡಿಸದೆ, ಇನ್ನೂ ಗಟ್ಟಿಯಾದ ಉಕ್ಕಿನಿಂದ 7.62ರ ಲೀ-ಎನ್‌ಫೀಲ್ಡ್‌ಗಳನ್ನು ಹೊಸದಾಗಿಯೇ ತಯಾರಿಸಿತು. ಆ ನಿರ್ಧಾರ ಹೆಚ್ಚು ವಿವೇಕದ್ದು. ಮುಂದೆ ಸ್ಪರ್ಧೆಗೆಂದೇ ನಿರ್ಮಿಸಿದ ರೈಫಲ್‌ಗಳು ಬಂದು ಬಿಸ್ಲಿಯ ಮುಂಚೂಣಿಯಿಂದ ಹಳೆಯವನ್ನು ಸರಿಸಿದವಾದರೂ, ನಳಿಗೆಯ ಬಾಯಿ, ಬೆಡ್ಡಿಂಗ್ ಮತ್ತು ಟ್ರಿಗರ್‌ಗಳ ಬಗ್ಗೆ ಅಲ್ಲಿ ಕಲಿತ ಪಾಠಗಳಾವುವೂ ಬದಲಾಗಲಿಲ್ಲ.

ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಸುವ ಕೊಡಗಿನಂಥ ನಾಡಿನಲ್ಲಿ ಈ ವಿದ್ಯೆಯ ಬಗ್ಗೆ ಕುತೂಹಲವಿರುವುದು ಸಹಜ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕನ್ನು ತಯಾರಿಸಲು, ಮಾರ್ಪಡಿಸಲು, ರಿಪೇರಿ ಮಾಡಲು ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿಯಾಗಲಿ, ಆ ಪರವಾನಗಿಯಿಂದ ಕೊಡವರಿಗೆ ದೊರೆತಿರುವ ವಿನಾಯಿತಿಯಾಗಲಿ ಅದಕ್ಕೆ ಸಾಲದು. ಆಸಕ್ತರು ಮಾನ್ಯತೆ ಪಡೆದ ರೈಫಲ್ ಕ್ಲಬ್ ಸೇರಿ .22 ರೈಫಲ್ ಇಲ್ಲವೇ ಏರ್ ರೈಫಲ್‌ನಿಂದ ಗುರಿ ಕಲಿಯಲಿ, ತಿದ್ದುವ ಕೆಲಸವನ್ನು ಪರವಾನಗಿ ಇರುವ ಕುಶಲಕರ್ಮಿಗೇ ಬಿಡಲಿ.