ಮೂರನೆಯ ಪೆಡಲಿನ ಮೋಹ

ಎಂಟು ಹತ್ತು ವರ್ಷ ಓಡಿದ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಾಗ ಸರ್ವಿಸ್ ಸೆಂಟರಿನವರು ಬರೆದುಕೊಡುವ ಎಸ್ಟಿಮೇಟು ಎಂಥವರ ಎದೆಯನ್ನೂ ನಡುಗಿಸುತ್ತದೆ. ಕೆಲವು ಕಾರುಗಳಲ್ಲಿ ಆ ಮೊತ್ತ ಕಾರನ್ನು ಮಾರಿದರೆ ಬರುವ ದುಡ್ಡಿನ ಹತ್ತಿರ ಹತ್ತಿರಕ್ಕೇ ಬಂದು ನಿಲ್ಲುವುದುಂಟು. ಆಗ ಮನೆಯಲ್ಲೋ ಗ್ಯಾರೇಜಿನಲ್ಲೋ ಯಾರಾದರೊಬ್ಬರು ಆ ಮಾತು ತೆಗೆದೇ ತೆಗೆಯುತ್ತಾರೆ: "ಈ ರಗಳೆಯೇ ಬೇಡ, ಗುಜರಿಯಿಂದ ಅದೇ ಕಾರಿನ ಮ್ಯಾನುಯಲ್ ಗೇರ್‌ಬಾಕ್ಸ್ ತಂದು ಕೂರಿಸಿಬಿಡೋಣ." ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಅದೇ ಕಂಪನಿ, ಅದೇ ಮಾಡೆಲ್, ಅದೇ ಎಂಜಿನ್. ಕಾರ್ಖಾನೆಯಿಂದಲೇ ಎರಡೂ ಬಗೆಯಲ್ಲಿ ಹೊರಬಂದದ್ದು. ಒಂದನ್ನು ಬಿಚ್ಚಿ ಇನ್ನೊಂದನ್ನು ಬಿಗಿಯಲು ಏನು ದಾಡಿ?

ಅಮೆರಿಕದಲ್ಲಿ ಇದೇ ಕೆಲಸವನ್ನು ದುಡ್ಡು ಉಳಿಸಲಿಕ್ಕಲ್ಲ, ಶೋಕಿಗಾಗಿ ಮಾಡಿಸುವವರ ದೊಡ್ಡ ಬಳಗವೇ ಇದೆ. ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಕ್ಲಚ್ ಪೆಡಲ್ ಇರುವಂಥವು ನೂರಕ್ಕೆ ಒಂದೋ ಎರಡೋ. ಹೀಗಾಗಿ ಹಳೆಯ ಬಿಎಂಡಬ್ಲ್ಯು, ಮಸ್ಟಾಂಗ್, ಸುಪ್ರಾಗಳ ಹೊಟ್ಟೆಯಿಂದ ಆಟೋಮ್ಯಾಟಿಕ್ ಪೆಟ್ಟಿಗೆ ಕಿತ್ತು, ಮೂರನೆಯ ಪೆಡಲ್ ಕೂರಿಸಿಕೊಂಡು ಸುಖಪಡುತ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಡಗಾಲು ಸೋತವರಿಗೆ ಇದು ಶುದ್ಧ ಹುಚ್ಚಾಟವಾಗಿ ಕಾಣಬಹುದು. ಗೇರು ಹಾಕುವ ಸುಖ ಬಲ್ಲವರಿಗೆ ಹಾಗನಿಸದು.

ಇಬ್ಬರ ಲೆಕ್ಕವೂ ತಪ್ಪುವುದು ಒಂದೇ ಜಾಗದಲ್ಲಿ. ಗೇರ್‌ಬಾಕ್ಸನ್ನು ಅವರು ಟೈರು, ಬ್ಯಾಟರಿಗಳ ಹಾಗೆ ಒಂದು ಬಿಡಿಭಾಗ ಎಂದುಕೊಂಡಿರುತ್ತಾರೆ. ನಿಜವಾಗಿ ಎಂಜಿನ್ನಿನ ಹಿಂಬದಿಯಿಂದ ಹಿಡಿದು ರಿವರ್ಸ್ ಲೈಟಿನ ತಂತಿಯವರೆಗೆ ಕಾರಿನ ಅರ್ಧಕ್ಕರ್ಧ ಭಾಗ ತನ್ನಲ್ಲಿರುವ ಗೇರ್‌ಬಾಕ್ಸ್ ಯಾವುದು ಎಂಬುದನ್ನು ನಂಬಿಕೊಂಡೇ ಕೆಲಸ ಮಾಡುತ್ತದೆ.

ಮೊದಲು ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ಚಿನ ಜಾಗದಲ್ಲಿ ಏನಿದೆ ಎಂದು ನೋಡಬೇಕು. ಹಳೆಯ, ನೆಚ್ಚಿನ ವಿಧಾನದಲ್ಲಿ ಅಲ್ಲಿರುವುದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದರ ಸ್ವಿಚ್ಚು ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ಮೆಲ್ಲಗೆ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದು ಉಕ್ಕಿನ ಡಬ್ಬಿಯಲ್ಲಿ ಮುಚ್ಚಿದರೆ ಕನ್ವರ್ಟರಿನ ಮೂಲ ತತ್ವ ಸಿಕ್ಕಂತೆ. ಒಂದು ಚಕ್ರ ಎಂಜಿನ್ನಿಗೆ ಅಂಟಿಕೊಂಡಿದೆ, ಇನ್ನೊಂದು ಗೇರ್‌ಬಾಕ್ಸಿಗೆ. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತಾಗ ಎಂಜಿನ್ ಬಂದ್ ಆಗದಿರುವುದು ಇದರಿಂದಲೇ, ಎಣ್ಣೆ ಸುಮ್ಮನೆ ಸುತ್ತುತ್ತಿರುತ್ತದೆ. ಇವೆರಡರ ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವೂ ಇದೆ. ವಾಪಸು ಬರುವ ಎಣ್ಣೆಯನ್ನು ತಿರುವಿ ಮತ್ತೆ ಒತ್ತಡಕ್ಕೆ ಸೇರಿಸುವುದು ಅದರ ಕೆಲಸ. ಕಾರು ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಚುಬಲವನ್ನು ಅದು ಸುಮಾರು ಎರಡು ಪಟ್ಟು ಮಾಡಿ ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಕ್ಲಚ್ ಪ್ಲೇಟು ಈ ಕೆಲಸ ಮಾಡಲಾರದು. ಬಲವನ್ನು ಇದ್ದಷ್ಟೇ ದಾಟಿಸೀತು, ಹೆಚ್ಚಿಸಲಾರದು. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಈ ಸಾಧನಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ.

ಕನ್ವರ್ಟರ್ ಇಳಿಸಿದ ಮೇಲೆ ಎಂಜಿನ್ನಿನ ಹಿಂಭಾಗದಲ್ಲಿ ಉಳಿಯುವುದು ಅಂಚಿಗೆ ಹಲ್ಲುಗಳಿರುವ ಒಂದು ತೆಳು ಉಕ್ಕಿನ ತಟ್ಟೆ. ಕ್ಲಚ್ಚಿಗೆ ಅದು ಸಾಲದು, ದಪ್ಪನೆಯ ಫ್ಲೈವೀಲ್ ಬೇಕು. ಆಟೋಮ್ಯಾಟಿಕ್ಕಿನಲ್ಲಿ ಎಣ್ಣೆ ತುಂಬಿದ ಕನ್ವರ್ಟರಿನ ಭಾರವೇ ಫ್ಲೈವೀಲಿನ ಕೆಲಸ ಮಾಡುತ್ತಿತ್ತು. ಎಂಜಿನ್ನಿನ ಒಂದೊಂದು ಸಿಡಿತದ ಅದುರನ್ನು ಆ ಎಣ್ಣೆಯೇ ನುಂಗಿಕೊಳ್ಳುತ್ತಿತ್ತು. ಅದನ್ನು ತೆಗೆದ ಮೇಲೆ ಅದುರು ನೇರವಾಗಿ ಗೇರುಗಳ ಹಲ್ಲಿಗೆ ಬಡಿಯುತ್ತದೆ. ಕಾರ್ಖಾನೆಯವರು ಅನೇಕ ಮ್ಯಾನುಯಲ್ ಮಾದರಿಗಳಲ್ಲಿ ಇದಕ್ಕೆಂದೇ ಸ್ಪ್ರಿಂಗುಗಳಿರುವ ಎರಡು ಭಾಗದ ಫ್ಲೈವೀಲ್ ಹಾಕಿರುತ್ತಾರೆ. ಅದು ದುಬಾರಿ ವಸ್ತು. ಅಗ್ಗದ ಒಂಟಿ ಫ್ಲೈವೀಲ್ ಹಾಕಿದರೆ ನ್ಯೂಟ್ರಲಿನಲ್ಲಿ ನಿಂತಾಗ ಗೇರ್‌ಬಾಕ್ಸ್ ಗಲಗಲ ಎನ್ನತೊಡಗುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಮ್ಯಾನುಯಲ್ ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ತುದಿ ಅನೇಕ ಕಾರುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ನಡುವೆ ಒಂದು ಪುಟ್ಟ ಬೇರಿಂಗಿನ ಮೇಲೆ ಕೂರುತ್ತದೆ. ಆಟೋಮ್ಯಾಟಿಕ್ಕಿಗೆ ಅದು ಬೇಕಿಲ್ಲ. ಆದ್ದರಿಂದ ಕ್ರೈಸ್ಲರ್ ಕಂಪನಿಯ ಹಲವು ಹಳೆಯ ವಿ8 ಎಂಜಿನ್ನುಗಳ ಆಟೋಮ್ಯಾಟಿಕ್ ಮಾದರಿಯಲ್ಲಿ ಆ ರಂಧ್ರವನ್ನು ಪೂರ್ತಿ ಕೊರೆಯದೆ ಬಿಡುತ್ತಿದ್ದರು. ಒಂದು ಬೇರಿಂಗಿನ ಜಾಗಕ್ಕಾಗಿ ಇಡೀ ಎಂಜಿನ್ ಬಿಚ್ಚಬೇಕಾದ ಸ್ಥಿತಿ. ಇನ್ನು ಫೋರ್ಡಿನ 302 ವಿ8 ಎಂಜಿನ್ನಿನ ಕತೆ ಬೇರೆ. ಅದನ್ನು ಸಮತೋಲನದಲ್ಲಿಡುವ ತೂಕದ ಒಂದು ಪಾಲು ಎಂಜಿನ್ನಿನ ಹೊರಗೆ, ಹಿಂದಿನ ತಟ್ಟೆಯ ಮೇಲೆಯೇ ಇರುತ್ತದೆ. 1980ರ ದಶಕದ ಆರಂಭದವರೆಗೆ ಅದರ ಅಳತೆ 28 ಔನ್ಸ್-ಇಂಚು, ಆಮೇಲೆ ಬಂದವುಗಳಲ್ಲಿ 50. ನೋಡಲು ಒಂದೇ ಥರ, ಬೋಲ್ಟುಗಳೂ ಸರಿಯಾಗಿ ಕೂರುತ್ತವೆ. ತಪ್ಪು ಫ್ಲೈವೀಲ್ ಹಾಕಿದ ಎಂಜಿನ್ ಮಾತ್ರ ಬೇರಿಂಗು ಸವೆಸಿಕೊಂಡು ತನ್ನನ್ನು ತಾನೇ ಅಲುಗಾಡಿಸಿ ಮುಗಿಸಿಕೊಳ್ಳುತ್ತದೆ.

ಇಷ್ಟೆಲ್ಲ ಸರಿಪಡಿಸಿ ಗೇರ್‌ಬಾಕ್ಸ್ ಕೂರಿಸಿದಿರಿ ಎನ್ನಿ. ಈಗ ಅನುಪಾತಗಳ ಸರದಿ. ಜಡ್‌ಎಫ್ ಕಂಪನಿಯ ಪ್ರಸಿದ್ಧ ಎಂಟು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿನ ಅನುಪಾತ ಸುಮಾರು 4.7, ಎಂಟನೆಯದು 0.67. ಮ್ಯಾನುಯಲ್ ಗೇರ್‌ಬಾಕ್ಸಿನ ಮೊದಲ ಗೇರು ಸಾಮಾನ್ಯವಾಗಿ 3.6ರ ಆಸುಪಾಸು. ಗೇರ್‌ಬಾಕ್ಸಿನಿಂದ ಚಕ್ರಗಳಿಗೆ ಬಲ ದಾಟಿಸುವ ಡಿಫರೆನ್ಷಿಯಲ್ಲಿನ ಅನುಪಾತ 3 ಎಂದಿಟ್ಟುಕೊಳ್ಳೋಣ. ಆಟೋಮ್ಯಾಟಿಕ್ಕಿನಲ್ಲಿ ಹೊರಡುವ ಗಳಿಗೆಯಲ್ಲಿ ಎಂಜಿನ್ನಿನ ಬಲ 14 ಪಟ್ಟಾಗುತ್ತದೆ. ಕನ್ವರ್ಟರಿನ ಎರಡು ಪಟ್ಟನ್ನೂ ಸೇರಿಸಿದರೆ 28. ಅದೇ ಕಾರಿಗೆ ಮ್ಯಾನುಯಲ್ ಹಾಕಿ ಡಿಫರೆನ್ಷಿಯಲ್ ಮುಟ್ಟದೆ ಬಿಟ್ಟರೆ ಸಿಗುವುದು 11ಕ್ಕಿಂತ ಕಡಿಮೆ. ಅಂದರೆ ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯ ಹಿಂದೆ ನಿಂತು ಹೊರಡಬೇಕಾದಾಗಲೆಲ್ಲ ಕ್ಲಚ್ ಪ್ಲೇಟನ್ನು ಸುಡುವ ವಾಸನೆ ಬರುವವರೆಗೂ ಜಾರಿಸಬೇಕು. ಡಿಫರೆನ್ಷಿಯಲ್ಲನ್ನೂ ಬದಲಿಸಿದರೆ ಇದು ಸರಿಹೋಗುತ್ತದೆ, ನಿಜ. ಆದರೆ ಗೇರ್‌ಬಾಕ್ಸಿನ ಖರ್ಚಿಗೆ ಅದೂ ಸೇರಿತು. ಉದ್ದ ಬೇರೆಯಾದ್ದರಿಂದ ಪ್ರೊಪೆಲ್ಲರ್ ಶಾಫ್ಟ್ ಅಥವಾ ಆಕ್ಸಲ್ ಸೇರಿತು, ಗೇರ್‌ಬಾಕ್ಸ್ ಮೌಂಟಿಂಗ್ ಸೇರಿತು.

ಪೆಡಲಿನ ವಿಚಾರದಲ್ಲಿ ನಮ್ಮ ದೇಶದವರಿಗೆ ಇನ್ನೊಂದು ತೊಡಕಿದೆ. ಕ್ಲಚ್ ಮಾಸ್ಟರ್ ಸಿಲಿಂಡರ್ ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ಉಕ್ಕಿನ ಗೋಡೆಯ ಮೇಲೆ ಕೂರಬೇಕು. ಕೆಲವು ಮಾದರಿಗಳಲ್ಲಿ ಅದಕ್ಕೆ ತೂತೂ ಇರುತ್ತದೆ, ಗೋಡೆಗೆ ಬಲವೂ ಇರುತ್ತದೆ. ಇನ್ನು ಕೆಲವದರಲ್ಲಿ ಎರಡೂ ಇರುವುದಿಲ್ಲ. ಡ್ರಿಲ್ಲು ಹಿಡಿದು ತೂತು ಮಾಡಿದರೆ ಕ್ಲಚ್ ಒತ್ತಿದಾಗಲೆಲ್ಲ ತಗಡು ಬಾಗುತ್ತದೆ, ಮಳೆಗಾಲದಲ್ಲಿ ಕಾಲಡಿಗೆ ನೀರು ಬರುತ್ತದೆ. ಹೊರದೇಶದಿಂದ ತರಿಸಿದ ಪೆಡಲ್ ಸೆಟ್ ಎಡಗಡೆ ಸ್ಟೀರಿಂಗಿನ ಕಾರಿನದ್ದಾಗಿದ್ದರೆ ನಮ್ಮ ಬಲಗಡೆಗೆ ಹೊಂದುವುದೇ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆದರೂ ಸಿಗದ ಸಾಮಾನೆಂದರೆ ಇಂಥವೇ.

ಕಬ್ಬಿಣದ ಕೆಲಸ ಎಷ್ಟೇ ಕಷ್ಟವಿದ್ದರೂ ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಕಂಪ್ಯೂಟರುಗಳ ಮಾತುಕತೆ. ಬಾಷ್ ಕಂಪನಿ 1986ರಲ್ಲಿ ಕ್ಯಾನ್ ಎಂಬ ಸಂಪರ್ಕ ವ್ಯವಸ್ಥೆಯನ್ನು ಹೊರತಂದಿತು. ಕಾರಿನೊಳಗಿನ ಬೇರೆಬೇರೆ ಕಂಪ್ಯೂಟರುಗಳು ಒಂದು ಜೋಡಿ ತಂತಿಯ ಮೇಲೆ ಪರಸ್ಪರ ಸುದ್ದಿ ಕೊಟ್ಟುಕೊಳ್ಳುವುದು ಆಮೇಲಿಂದ ಮಾಮೂಲಾಯಿತು. ಗೇರು ಬದಲಾಗುವ ಕ್ಷಣದಲ್ಲಿ ಗೇರ್‌ಬಾಕ್ಸಿನ ಕಂಪ್ಯೂಟರ್ "ಒಂದು ಕ್ಷಣ ಬಲ ತಗ್ಗಿಸು" ಎಂದು ಎಂಜಿನ್ನಿನದಕ್ಕೆ ಹೇಳುತ್ತದೆ, ಅದು ಕಿಡಿಯನ್ನು ತುಸು ತಡಮಾಡಿ ಒಪ್ಪಿಕೊಳ್ಳುತ್ತದೆ. ನಮಗೆ ಜರ್ಕ್ ತಿಳಿಯದಿರುವುದು ಈ ಒಪ್ಪಂದದಿಂದ. ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್, ಡ್ಯಾಶ್‌ಬೋರ್ಡ್ ಎಲ್ಲವೂ ಈಗ ಯಾವ ಗೇರಿದೆ ಎಂದು ಕೇಳುತ್ತಲೇ ಇರುತ್ತವೆ. ಗೇರ್‌ಬಾಕ್ಸಿನ ಜೊತೆ ಅದರ ಕಂಪ್ಯೂಟರನ್ನೂ ಕಿತ್ತರೆ ಉತ್ತರ ಕೊಡುವವರಿಲ್ಲ. ಡ್ಯಾಶ್‌ಬೋರ್ಡ್ ತುಂಬ ಹಳದಿ ದೀಪ ಹತ್ತುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ ತನ್ನನ್ನು ತಾನೇ ಕುಂಟಿಸಿಕೊಂಡು, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಅರೆಬರೆ ಶಕ್ತಿ ಕೊಡುತ್ತದೆ. ಸ್ಕ್ಯಾನರ್ ಹಾಕಿ ಎರರ್ ಅಳಿಸಿದರೆ ಮತ್ತೆ ಬರುತ್ತದೆ. ಮ್ಯಾನುಯಲ್ ಕಾರಿನ ಎಂಜಿನ್ ಕಂಪ್ಯೂಟರನ್ನೇ ತಂದು ಹಾಕೋಣವೆಂದರೆ ಕಳ್ಳತನ ತಡೆಯುವ ವ್ಯವಸ್ಥೆ ಹೊಸ ಕಂಪ್ಯೂಟರನ್ನು ಕಳ್ಳನೆಂದೇ ತಿಳಿಯುತ್ತದೆ. ಸಾಫ್ಟ್‌ವೇರ್ ಬದಲಿಸಬಲ್ಲ ಜಾಣರು ಇದ್ದಾರೆ. ಊರಿಗೊಬ್ಬರು ಇಲ್ಲ.

ಜಾಣತನಕ್ಕಿಂತ ಅಡ್ಡದಾರಿ ಅಗ್ಗ. ನನಗೆ ನಿಜಕ್ಕೂ ಭಯವಾಗುವುದು ಅಲ್ಲಿ. ಆಟೋಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲಿನಲ್ಲಿದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಪೆಟ್ಟಿಗೆ ತೆಗೆದ ಮೇಲೆ ಆ ಸಿಗ್ನಲ್ ಬರುವುದಿಲ್ಲ. ಎರಡು ತಂತಿ ಸೇರಿಸಿ ಟೇಪು ಸುತ್ತಿದರೆ ಕಾರು ಸ್ಟಾರ್ಟ್ ಆಗುತ್ತದೆ, ಗೇರಿನಲ್ಲಿದ್ದಾಗಲೂ ಆಗುತ್ತದೆ. ಮನೆಯ ಮುಂದೆ ಗೇರಿನಲ್ಲಿ ನಿಲ್ಲಿಸಿದ ಕಾರಿಗೆ ಯಾರೋ ಕೀ ತಿರುಗಿಸಿದರೆ ಮುಂದೆ ನಿಂತವರ ಗತಿ? ಕ್ರೂಸ್ ಕಂಟ್ರೋಲ್ ಇನ್ನೊಂದು. ಕ್ಲಚ್ ಒತ್ತಿದ್ದು ಅದಕ್ಕೆ ತಿಳಿಸುವ ಸ್ವಿಚ್ಚಿಲ್ಲದಿದ್ದರೆ, ವೇಗ ಉಳಿಸಿಕೊಳ್ಳಲು ಹೆಣಗಾಡಿ ಭಾರವಿಲ್ಲದ ಎಂಜಿನ್ನನ್ನು ಕೆಂಪು ಗೆರೆಯತ್ತ ಓಡಿಸುತ್ತದೆ. ಪಾರ್ಕಿನಲ್ಲಿ ಚಕ್ರವನ್ನು ಹಲ್ಲುಕಚ್ಚಿ ಹಿಡಿಯುತ್ತಿದ್ದ ಕೊಕ್ಕೆಯೂ ಗೇರ್‌ಬಾಕ್ಸಿನ ಜೊತೆ ಹೋಯಿತು. ಇಷ್ಟು ವರ್ಷ ಹ್ಯಾಂಡ್‌ಬ್ರೇಕ್ ಎಳೆಯದೆಯೇ ಇಳಿದು ಅಭ್ಯಾಸವಾದ ಮನೆಯವರಿಗೆ ಇದನ್ನು ಹೇಳಿಕೊಡುವುದು ಮರೆಯಬಾರದು.

ಹಾಗಾದರೆ ಈ ಬದಲಾವಣೆ ಎಲ್ಲೂ ಸಲ್ಲದೇ? ಎರಡು ಕಡೆ ಸಲ್ಲುತ್ತದೆ. ಮೊದಲನೆಯದು ಕಾರಿನೊಳಗೆ ಕಂಪ್ಯೂಟರ್ ಬರುವ ಮುಂಚಿನ ಅಮೆರಿಕನ್ ಕಾರುಗಳು. ಷೆವರ್ಲೆ ಕಂಪನಿಯ ಪವರ್‌ಗ್ಲೈಡ್ ಆಟೋಮ್ಯಾಟಿಕ್ 1950ರಿಂದ 1973ರವರೆಗೆ ನಡೆಯಿತು, ಅದರಲ್ಲಿದ್ದದ್ದು ಎರಡೇ ಗೇರು. ಅಂಥದ್ದನ್ನು ಕಿತ್ತು ಐದು ಗೇರಿನ ಮ್ಯಾನುಯಲ್ ಹಾಕಿದರೆ ಕಾರಿಗೆ ಮರುಹುಟ್ಟು ಸಿಕ್ಕಂತೆಯೇ. ಅದಕ್ಕೆ ಬೇಕಾದ ಕಿಟ್ಟುಗಳೂ ಅಲ್ಲಿ ಧಾರಾಳ.

ಎರಡನೆಯದು ಹುಸಿ ಆಟೋಮ್ಯಾಟಿಕ್ಕುಗಳು. ಬಿಎಂಡಬ್ಲ್ಯು ಇ46 ಎಂ3 ಕಾರಿನ ಎಸ್‌ಎಂಜಿ ಗೇರ್‌ಬಾಕ್ಸ್ ನಿಜವಾಗಿ ಗೆಟ್ರಾಗ್ ಕಂಪನಿಯ ಆರು ಗೇರಿನ ಮ್ಯಾನುಯಲ್ ಪೆಟ್ಟಿಗೆಯೇ. ಕ್ಲಚ್ ಒತ್ತಲು, ಗೇರು ಹಾಕಲು ಮನುಷ್ಯನ ಬದಲು ಹೈಡ್ರಾಲಿಕ್ ಪಂಪಿತ್ತು, ಅಷ್ಟೆ. ಪಂಪು ಕೆಟ್ಟಾಗ ಅದನ್ನು ತೆಗೆದೆಸೆದು ಪೆಡಲ್ ಹಾಕಿಸಿದವರು ತುಂಬ ಜನ. ಫೆರಾರಿ 599 ಮಾದರಿಯಲ್ಲಿ ಕಾರ್ಖಾನೆಯಿಂದಲೇ ಮ್ಯಾನುಯಲ್ ಆಗಿ ಬಂದವು ಸುಮಾರು 30 ಮಾತ್ರ. ಅವುಗಳ ಬೆಲೆ ಮುಗಿಲು ಮುಟ್ಟಿದೆ, ಹೀಗಾಗಿ ಉಳಿದವನ್ನು ಪರಿವರ್ತಿಸುವುದೇ ಒಂದು ಕಸುಬಾಗಿದೆ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಮನೆಮಾತಾದ ಎಎಂಟಿಯೂ ಇದೇ ಜಾತಿಯದು. ಮಾಮೂಲಿ ಐದು ಗೇರಿನ ಪೆಟ್ಟಿಗೆಯ ಮೇಲೆ ಕ್ಲಚ್ ಮತ್ತು ಗೇರು ಚಲಾಯಿಸುವ ಆ್ಯಕ್ಚುಯೇಟರ್ ಕೂತಿದೆ. ಇದನ್ನು ಮ್ಯಾನುಯಲ್ಲಿಗೆ ತಿರುಗಿಸುವುದು ತಾಂತ್ರಿಕವಾಗಿ ಸುಲಭ. ಆದರೆ ಕೆಟ್ಟದ್ದು ಆ್ಯಕ್ಚುಯೇಟರ್ ಆದರೆ ಅದನ್ನೊಂದೇ ಬದಲಿಸಿಕೊಳ್ಳಬಹುದಲ್ಲ! ಸುಲಭವಾಗಿರುವ ಕಡೆ ಈ ಕೆಲಸದ ಅಗತ್ಯವೇ ಕಡಿಮೆ. ಬೆಲ್ಟಿನ ಮೇಲೆ ಓಡುವ ಸಿವಿಟಿ ಮತ್ತು ಎರಡು ಕ್ಲಚ್ಚಿನ ಡಿಸಿಟಿಗಳಲ್ಲಿ ಈ ಸಲೀಸು ಇಲ್ಲ, ಪೆಟ್ಟಿಗೆ ಇಡಿಯಾಗಿ ಹೊರಬರಬೇಕು.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ಬಹಳಷ್ಟು ಕಾರುಗಳ ಆರ್‌ಸಿಯಲ್ಲಿ ಮಾಡೆಲ್ ಹೆಸರಿನ ಬಾಲಕ್ಕೇ ಎಟಿ ಎಂದೋ ಎಎಂಟಿ ಎಂದೋ ಇರುತ್ತದೆ. ಅಪಘಾತವಾದ ದಿನ ವಿಮೆಯ ಸರ್ವೇಯರ್ ಮೂರು ಪೆಡಲ್ ಎಣಿಸಿದರೆ ವಾದ ಶುರುವಾಯಿತೆಂದೇ ಲೆಕ್ಕ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದವರು ಮ್ಯಾನುಯಲ್ ಓಡಿಸುವಂತಿಲ್ಲ. ಜಪಾನಿನಲ್ಲೂ 1991ರಿಂದ ಆಟೋಮ್ಯಾಟಿಕ್ಕಿಗೆ ಮಾತ್ರ ಸೀಮಿತವಾದ ಲೈಸೆನ್ಸ್ ಇದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಗಂಡನ ಶೋಕಿಗೆ ಕಾರು ಬದಲಿಸಿ, ಹೆಂಡತಿಯ ಲೈಸೆನ್ಸು ನೋಡದೆ ಪೇಚಿಗೆ ಸಿಲುಕದಿರಲಿ.

ಮೈಲೇಜ್ ಹೆಚ್ಚುತ್ತದೆ ಎಂಬ ಹಳೆಯ ಸಮಾಧಾನವೂ ಈಗ ಉಳಿದಿಲ್ಲ. ಮೂರ್ನಾಲ್ಕು ಗೇರಿನ ಕಾಲದಲ್ಲಿ ಅದು ನಿಜವಿತ್ತು. ಇಂದಿನ ಎಂಟು ಗೇರಿನ ಪೆಟ್ಟಿಗೆಗಳು ಕನ್ವರ್ಟರಿನ ಎರಡು ಚಕ್ರಗಳನ್ನು ಬೇಗನೆ ಒಂದಕ್ಕೊಂದು ಲಾಕ್ ಮಾಡಿಕೊಂಡು ಮ್ಯಾನುಯಲ್ಲಿಗೆ ಸರಿಸಮವಾಗಿ, ಒಮ್ಮೊಮ್ಮೆ ಅದಕ್ಕಿಂತ ಚೆನ್ನಾಗಿ ಓಡುತ್ತವೆ.

ಹಾಗಾಗಿ ಗೇರು ಹಾಕುವ ಆಸೆಯಿದ್ದರೆ ಇರುವ ಕಾರನ್ನು ಇದ್ದಂತೆಯೇ ಮಾರಿ, ಕಾರ್ಖಾನೆಯಿಂದಲೇ ಮ್ಯಾನುಯಲ್ ಆಗಿ ಬಂದದ್ದನ್ನು ಕೊಳ್ಳಿ. ನಮ್ಮ ದೇಶದಲ್ಲಿ ಅದಕ್ಕೆ ಬರವಿಲ್ಲ. ಗೇರ್‌ಬಾಕ್ಸ್ ಕೆಟ್ಟಿದ್ದರೆ ಮೊದಲು ಆಟೋಮ್ಯಾಟಿಕ್ ಮಾತ್ರ ಬಿಚ್ಚುವ ಮೆಕ್ಯಾನಿಕ್ಕಿಗೆ ತೋರಿಸಿ. ಎಷ್ಟೋ ಸಲ ತಪ್ಪು ಒಂದು ಸೊಲೆನಾಯ್ಡಿನದ್ದೋ ಹಳತಾದ ಎಣ್ಣೆಯದ್ದೋ ಆಗಿರುತ್ತದೆ. ಈ ಎಣ್ಣೆ ಜೀವನಪರ್ಯಂತ ಬರುತ್ತದೆ, ಬದಲಿಸಬೇಕಿಲ್ಲ ಎನ್ನುವ ಕಾರು ಕಂಪನಿಗಳಿವೆ. ಗೇರ್‌ಬಾಕ್ಸ್ ತಯಾರಿಸುವ ಜಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರಿನೊಳಗೆ, ತಪ್ಪಿದರೆ ಎಂಟು ವರ್ಷಕ್ಕೆ, ಬದಲಿಸಿ ಎನ್ನುತ್ತದೆ.